ಹಕ್ಕಿಯ ವಿಳಾಸ, ಮನುಷ್ಯನ ಹೆಸರು

ನಮ್ಮ ಕಡೆ ಊರಿಗೆ ಹೊಸಬರು ಬಂದರೆ ಅರಳಿಕಟ್ಟೆ ಮೇಲೆ ಕೂತವರು ಕೇಳುವುದು ಎರಡೇ ಪ್ರಶ್ನೆ. ‘ಯಾವೂರಾಯ್ತಪ್ಪ?’ ಆಮೇಲೆ, ‘ಯಾರ ಪೈಕಿ?’ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ತಾಲ್ಲೂಕಿಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರ ಹೇಳಿದ ಮೇಲೆ ನೀರು, ಮಜ್ಜಿಗೆ, ಮುಂದಿನ ದಾರಿ ಎಲ್ಲ ಸಿಗುತ್ತದೆ.

ಫೋನಿನೊಳಗಿನ ಕಟ್ಟೆಯಲ್ಲಿ ಹಾಗಿಲ್ಲ. ಹಕ್ಕಿ ನೋಡುವ ಹವ್ಯಾಸದವರ ಗುಂಪಿಗೆ ಸೇರಬೇಕೆಂದರೆ ಒಂದು ಲಿಂಕ್ ಒತ್ತಿದರೆ ಸಾಕು. ಹೆಸರಿನ ಜಾಗದಲ್ಲಿ ‘ನೇಚರ್ ಲವರ್’ ಎಂದಿರಬಹುದು, ಮುಖದ ಜಾಗದಲ್ಲಿ ಹುಲಿ ಚಿತ್ರ ಇರಬಹುದು. ಯಾವೂರು ಎಂದು ಯಾರೂ ಕೇಳುವುದಿಲ್ಲ. ಆದರೆ ಹಕ್ಕಿ ಫೋಟೊ ಹಾಕಿದ ತಕ್ಷಣ ಎಲ್ಲರೂ ಕೇಳುವುದು ಒಂದೇ: ‘ಲೊಕೇಶನ್ ಕಳಿಸಿ.’

ಪತ್ರಿಕೋದ್ಯಮ ಓದುತ್ತಿದ್ದಾಗ ನಾವು ಮೂವರು ಅಂಥದ್ದೊಂದು ಗುಂಪಿಗೆ ಸೇರಿದ್ದೆವು. ಆಗಷ್ಟೇ ಹಕ್ಕಿಯ ಹುಚ್ಚು ಹಿಡಿದಿತ್ತು. ಬೆಟ್ಟವೊಂದರ ಬುಡದ ಬಂಡೆ ಸಂದಿಯಲ್ಲಿ ಕೊಂಬಿನ ಗೂಬೆ ಮರಿ ಮಾಡಿತ್ತು. ಕುರಿ ಕಾಯುವ ಅಜ್ಜ ಒಬ್ಬರು ಕರೆದುಕೊಂಡು ಹೋಗಿ ತೋರಿಸಿದರು. ಫೋಟೊ ತೆಗೆದು ಗುಂಪಿಗೆ ಹಾಕಿದೆವು. ಕೆಳಗೆ ಊರಿನ ಹೆಸರು, ಲೊಕೇಶನ್, ನಮ್ಮ ಮೂವರ ಹೆಸರು. ಅಜ್ಜನ ಹೆಸರು ಹಾಕಲಿಲ್ಲ. ಕೇಳಿಯೇ ಇರಲಿಲ್ಲ.

ಮುಂದಿನ ಭಾನುವಾರ ಆ ದಾರಿಯಲ್ಲಿ ಎರಡು ಕಾರು ಬಂದವಂತೆ. ಅದರ ಮುಂದಿನ ವಾರ ನಾವು ಹೋದಾಗ ಬಂಡೆಗೆ ಅಡ್ಡ ಇದ್ದ ಗಿಡದ ಕೊಂಬೆ ಕಡಿದಿದ್ದರು. ಮರಿಗಳು ಇರಲಿಲ್ಲ. ಇನ್ನೂ ಹಾರುವ ವಯಸ್ಸಲ್ಲ ಅವು. ಅಜ್ಜ ಬೈಯಲಿಲ್ಲ. ‘ನಿಮಗೆ ತೋರಿಸಿದ್ದು ಕಣ್ರಪ್ಪ, ಊರಿಗೆಲ್ಲ ಅಲ್ಲ’ ಎಂದರು ಅಷ್ಟೇ. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ಪ್ರಶ್ನೆ ಅವತ್ತಿನಿಂದ ನಮ್ಮ ಜೊತೆಗಿದೆ. ಈ ಹವ್ಯಾಸದ ಹಿಂದಿನ ದಾರಿ ನೋಡಿದಾಗ ಒಂದಷ್ಟು ಉತ್ತರ ಸಿಕ್ಕಿತು.

ಕಾಗದ ನಿಧಾನವಾಗಿದ್ದ ಕಾಲ

ಬ್ರಿಟಿಷ್ ಅಧಿಕಾರಿ ಎ.ಒ. ಹ್ಯೂಮ್ ಹೆಸರನ್ನು ಕಾಂಗ್ರೆಸ್ ಸ್ಥಾಪನೆಯ ಪಾಠದಲ್ಲಿ ಓದಿರುತ್ತೀರಿ. ಆತನಿಗೆ ಹಕ್ಕಿಯ ಹುಚ್ಚು ಅದಕ್ಕೂ ಮೊದಲಿನದು. 1872ರಲ್ಲಿ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆ ಶುರುಮಾಡಿದ. ಅರಣ್ಯಾಧಿಕಾರಿಗಳು, ಸೇನೆಯವರು, ತೋಟದ ದೊರೆಗಳು ತಾವು ಕಂಡ, ಕೊಂದ ಹಕ್ಕಿಗಳ ಬಗ್ಗೆ ಅದಕ್ಕೆ ಬರೆಯುತ್ತಿದ್ದರು. ಅವರ ಹೆಸರು ಅಚ್ಚಾಗುತ್ತಿತ್ತು. ಗೂಡು ಹುಡುಕಿದ, ಬಲೆ ಹಾಕಿದ, ರಾತ್ರಿಯೆಲ್ಲ ದಾರಿ ತೋರಿಸಿದ ಹಳ್ಳಿಯವರು ಬಹುಪಾಲು ಹೆಸರಿಲ್ಲದೆಯೇ ಉಳಿದರು. ಈ ಹವ್ಯಾಸದಲ್ಲಿ ಹೆಸರಿಲ್ಲದವರು ಮೊದಲಿನಿಂದಲೂ ಇದ್ದರು. ವ್ಯತ್ಯಾಸ ಏನೆಂದರೆ, ಅವರು ಹೆಸರನ್ನು ಮುಚ್ಚಿಟ್ಟುಕೊಂಡವರಲ್ಲ, ಅವರ ಹೆಸರನ್ನು ಯಾರೂ ಕೇಳಲಿಲ್ಲ.

1941ರಲ್ಲಿ ಸಲೀಂ ಅಲಿ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಬಂದ ಮೇಲೆ ಬಂದೂಕು ಬಿಟ್ಟು ದುರ್ಬೀನು ಹಿಡಿದವರು ಹೆಚ್ಚಾದರು. 1959ರ ಕೊನೆಗೆ ಜಾಫರ್ ಫತೇಹಳ್ಳಿ ಅವರು ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಹೊರಡಿಸಿದರು. ಮೊದಮೊದಲು ಅದು ಕಲ್ಲಚ್ಚಿನಂತೆ ಪ್ರತಿ ತೆಗೆದ ಕೆಲವು ಹಾಳೆ, ಅಷ್ಟೇ. ಮುಂದೆ ಬೆಂಗಳೂರಿನಿಂದಲೇ ಹೊರಬಂತು. ವಿಜ್ಞಾನಿಗಳಲ್ಲದ ಮೇಷ್ಟ್ರು, ಗುಮಾಸ್ತ, ವಿದ್ಯಾರ್ಥಿ ಎಲ್ಲರೂ ಬರೆಯಬಹುದಾದ ಜಾಗ ಅದು. ಹೊಸಬರಿಗೆ ಅಲ್ಲಿನ ನಡತೆ ಸರಳವಾಗಿತ್ತು. ಕಂಡದ್ದನ್ನು ಬರೆಯಿರಿ, ಕೆಳಗೆ ನಿಮ್ಮ ಹೆಸರು, ವಿಳಾಸ ಹಾಕಿ. ತಪ್ಪಿದ್ದರೆ ಬಲ್ಲವರು ಮುಂದಿನ ಸಂಚಿಕೆಯಲ್ಲಿ ತಿದ್ದುತ್ತಾರೆ.

ಆ ಕಾಲಕ್ಕೆ ಇನ್ನೊಂದು ಗುಣವಿತ್ತು. ಮಾರ್ಚಿಯಲ್ಲಿ ಕಂಡ ಗೂಡಿನ ಸುದ್ದಿ ಕಾಗದವಾಗಿ, ಅಚ್ಚಾಗಿ, ಅಂಚೆಯಲ್ಲಿ ಓದುಗರ ಕೈ ಸೇರುವ ಹೊತ್ತಿಗೆ ಮರಿಗಳು ರೆಕ್ಕೆ ಬಲಿತು ಹೋಗಿರುತ್ತಿದ್ದವು. ಯಾರೂ ಬೇಕೆಂದು ಮಾಡಿದ ನಿಯಮವಲ್ಲ ಅದು. ನಿಧಾನವೇ ಕಾವಲಾಗಿತ್ತು.

ಐತಣ್ಣನ ಹೆಸರು

ಪಾವಗಡಕ್ಕೆ ಮೂರು ಕಡೆ ಆಂಧ್ರ. ಆ ಸೀಮೆಯಲ್ಲಿ ನಡೆದ ಒಂದು ಕಥೆ ಇಲ್ಲಿ ಹೇಳಲೇಬೇಕು.

1848ರ ಸುಮಾರಿಗೆ ಜೆರ್ಡನ್ ಎಂಬ ಸೇನಾ ವೈದ್ಯ ಕಡಪ ಕಡೆಯ ಕುರುಚಲು ಕಾಡಿನಲ್ಲಿ ನೆಲದ ಮೇಲೆ ಓಡಾಡುವ ಒಂದು ಹಕ್ಕಿಯನ್ನು ದಾಖಲಿಸಿದ. ಜೆರ್ಡನ್ಸ್ ಕೋರ್ಸರ್ ಎಂದು ಅದಕ್ಕೆ ಅವನದೇ ಹೆಸರು ಬಂತು. 1900ರಲ್ಲಿ ಅನಂತಪುರದ ಬಳಿ ಕಂಡದ್ದೇ ಕೊನೆ, ಆಮೇಲೆ ಎಂಬತ್ತೈದು ವರ್ಷ ಸುದ್ದಿಯಿಲ್ಲ. ಹಕ್ಕಿ ಅಳಿದೇಹೋಯಿತು ಎಂದುಕೊಂಡರು.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಅದರ ಚಿತ್ರ ಹಿಡಿದು ಹಳ್ಳಿಗಳಲ್ಲಿ ಕೇಳುತ್ತಾ ಓಡಾಡಿದರು. 1986ರ ಜನವರಿಯಲ್ಲಿ ಕಡಪ ಜಿಲ್ಲೆಯ ರೆಡ್ಡಿಪಲ್ಲಿಯ ಕಡೆ ಐತಣ್ಣ ಎಂಬ ಬೇಟೆಗಾರ ರಾತ್ರಿ ಬೆಳಕು ಹಿಡಿದು ಆ ಹಕ್ಕಿಯನ್ನು ಜೀವಂತ ಹಿಡಿದ. ಪಾಪ, ಅದು ಹೆಚ್ಚು ದಿನ ಬದುಕಲಿಲ್ಲ. ಆದರೆ ಹಕ್ಕಿ ಇನ್ನೂ ಇದೆ ಎಂದು ಜಗತ್ತಿಗೆ ಗೊತ್ತಾಯಿತು. ಎರಡು ವರ್ಷದಲ್ಲಿ ಅಲ್ಲಿ ಶ್ರೀ ಲಂಕಮಲ್ಲೇಶ್ವರ ವನ್ಯಜೀವಿಧಾಮ ಆಯಿತು.

ಹಕ್ಕಿಗೆ ಜೆರ್ಡನ್ ಹೆಸರೇ ಉಳಿದಿದೆ. ಆದರೆ ಮರುಶೋಧದ ಕಥೆ ಹೇಳುವವರು ಐತಣ್ಣನ ಹೆಸರನ್ನು ಬಿಡುವಂತಿಲ್ಲ, ಅದು ಬರಹಕ್ಕೆ ಬಂದಿದೆ. ಎಂಬತ್ತೈದು ವರ್ಷ ಯಾರಿಗೂ ಸಿಗದ ಹಕ್ಕಿ ಆ ಕಾಡು ಗೊತ್ತಿದ್ದವನಿಗೆ ಸಿಕ್ಕಿತು. ಹೆಸರು ಹೇಳಿದ್ದರಿಂದ ಆ ತಿಳಿವಳಿಕೆಗೂ ಒಂದು ಬೆಲೆ ಬಂತು.

ಕಗ್ಗಲಡು ಮುಚ್ಚಿಡಲಿಲ್ಲ

ಶಿರಾ ತಾಲ್ಲೂಕಿನ ಕಗ್ಗಲಡು ನಮಗೆಲ್ಲ ಗೊತ್ತು. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು 1999ರಲ್ಲಿ ಇದನ್ನು ಹೊರಗಿನವರ ಗಮನಕ್ಕೆ ತಂದರು. ಅದಕ್ಕೂ ಮೊದಲೇ ಊರಿನವರಿಗೆ ಗೊತ್ತಿತ್ತು. ಮನೆ ಮುಂದೆ ಹಿಕ್ಕೆ ಬಿದ್ದರೂ, ಮೀನಿನ ವಾಸನೆ ಹೊಡೆದರೂ ಸಹಿಸಿಕೊಂಡು ಇದ್ದವರು ಅವರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಮಗಳಂತೆ ನೋಡುತ್ತಾರೆ ಎನ್ನುವ ಮಾತಿದೆಯಲ್ಲ, ಅದೇ ರೀತಿ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗದ ಹುಲ್ಲುಗಾವಲೂ ಗುಟ್ಟಲ್ಲ. 798 ಎಕರೆಯ ಆ ಜಾಗ ಜಯಮಂಗಲಿ ಹೆಸರಿನಲ್ಲಿ ಸಂರಕ್ಷಿತವಾಗಿದೆ.

ಹಾಗಾದರೆ ಜಾಗ ಹೇಳಿದ್ದು ಅಲ್ಲಿ ಒಳ್ಳೆಯದಾಯಿತು, ನಮ್ಮ ಗೂಬೆಗೆ ಯಾಕೆ ಕೆಟ್ಟದಾಯಿತು? ಕಗ್ಗಲಡುವಿನಲ್ಲಿ ಹೊಸಬರು ಬಂದರೆ ನೋಡುವುದಕ್ಕೆ ಇಡೀ ಊರಿದೆ. ಕಲ್ಲೆಸೆದರೆ ‘ಯಾವನೋ ಅವನು’ ಎಂದು ಕೇಳುವವರಿದ್ದಾರೆ. ನಮ್ಮ ಗೂಬೆಗೆ ಇದ್ದದ್ದು ಒಬ್ಬ ಅಜ್ಜನ ಎರಡು ಕಣ್ಣು. ಕಾಯುವ ಕಣ್ಣು ಹೆಚ್ಚಿದ್ದ ಕಡೆ ವಿಳಾಸ ಹೇಳಿದರೆ ಬಲ, ಕಡಿಮೆ ಇದ್ದ ಕಡೆ ಅದೇ ವಿಳಾಸ ಆಪತ್ತು.

ವೇಗ ಬಂದ ಮೇಲೆ

2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಇಬರ್ಡ್ ಶುರುಮಾಡಿದವು. ಇವತ್ತು ಕೊರಟಗೆರೆಯ ಕೆರೆ ಏರಿ ಮೇಲೆ ನಿಂತು ಫೋನಿನಲ್ಲೇ ಹಕ್ಕಿ ಲೆಕ್ಕ ಬರೆದು ಕಳಿಸಬಹುದು. 2008ರಲ್ಲಿ ಬಂದ ಐನ್ಯಾಚುರಲಿಸ್ಟ್‌ನಲ್ಲಿ ಗಿಡ, ಹುಳ, ಹಾವು ಎಲ್ಲದರ ಫೋಟೊ ಹಾಕಬಹುದು. ಒಳ್ಳೆಯ ಕೆಲಸ. ಆದರೆ ಕಾಗದದ ಕಾಲದ ನಿಧಾನ ಹೋಯಿತು.

ಅದರ ಅಪಾಯ ಎಷ್ಟು ಎನ್ನುವುದಕ್ಕೆ ಚೀನಾದ ಒಂದು ಹಲ್ಲಿಯ ಕಥೆ ಸಾಕು. 1999ರಲ್ಲಿ ವಿಜ್ಞಾನಿಗಳು ಗೋನಿಯುರೋಸಾರಸ್ ಲೂಯಿ ಎಂಬ ಹೊಸ ಹಲ್ಲಿಯನ್ನು ವರ್ಣಿಸಿ, ಸಿಕ್ಕ ಜಾಗದ ಸಮೇತ ಪ್ರಕಟಿಸಿದರು. ಸಾಕುಪ್ರಾಣಿ ವ್ಯಾಪಾರಿಗಳು ಆ ಬರಹವನ್ನೇ ದಾರಿ ಮಾಡಿಕೊಂಡು ಹೋದರು. ಕೆಲವೇ ವರ್ಷದಲ್ಲಿ ಆ ಜಾಗದಲ್ಲಿ ಹಲ್ಲಿ ಇಲ್ಲವಾಯಿತು. ವರ್ಣನೆಯೇ ಜೀವಕ್ಕೆ ಕುತ್ತಾಗಬಹುದು ಎಂದು 2006ರಲ್ಲಿ ವಿಜ್ಞಾನಿಗಳೇ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು.

ನಮ್ಮಲ್ಲಿ ಚೀನಾದ ಹಲ್ಲಿ ಇಲ್ಲ. ಆದರೆ ಮಾಟಕ್ಕೆಂದು ಹಿಡಿಯುವ ಗೂಬೆ ಇದೆ, ಕಾಡುಪಾಪ ಇದೆ. ಸಾಕುವವರಿಗೆಂದು ಕದ್ದು ಮಾರುವ ನಕ್ಷತ್ರ ಆಮೆ ಇದೆ.

ಈಗ ಹವ್ಯಾಸಿಗಳು ಕಳೆದುಹೋದ ನಿಧಾನವನ್ನು ನಿಯಮ ಮಾಡಿ ವಾಪಸ್ ತರುತ್ತಿದ್ದಾರೆ. ಇಬರ್ಡ್‌ನಲ್ಲಿ ಸೂಕ್ಷ್ಮ ಎಂದು ಗುರುತಿಸಿದ ಹಕ್ಕಿಗಳ ನಿಖರ ಜಾಗ ಎಲ್ಲರಿಗೂ ಕಾಣುವುದಿಲ್ಲ. ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಜೀವಿಯ ಜಾಗವನ್ನು ಸುಮಾರು 22 ಕಿಲೋಮೀಟರ್ ಉದ್ದಗಲದ ಚೌಕದಲ್ಲಿ ಎಲ್ಲೋ ಒಂದು ಚುಕ್ಕೆಯಾಗಿ ತೋರಿಸುತ್ತದೆ. ಮಧುಗಿರಿ, ಕೊರಟಗೆರೆ ಎರಡೂ ಪಟ್ಟಣ ಒಳಗೆ ಹಿಡಿಯುವಷ್ಟು ದೊಡ್ಡ ಚೌಕ ಅದು. ಕಾನೂನೂ ಸುಮ್ಮನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೇ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಫೋಟೊಗಾಗಿ ಗೂಡಿನ ಮುಂದಿನ ಕೊಂಬೆ ಕಡಿದವರು ಇದನ್ನು ತಿಳಿದಿದ್ದರೆ ಒಳ್ಳೆಯದಿತ್ತು.

ಹೆಸರು ಮುಚ್ಚುವುದೂ ತಪ್ಪಲ್ಲ

ಇಷ್ಟು ಹೇಳಿದ ಮೇಲೆ, ಗುಂಪಿನಲ್ಲಿ ಎಲ್ಲರೂ ಹೆಸರು, ಊರು, ಆಧಾರ್ ಕಾರ್ಡ್ ತೋರಿಸಲಿ ಎಂದು ನಾವು ಹೇಳುತ್ತಿಲ್ಲ.

‘ಯಾರ ಪೈಕಿ?’ ಎಂಬ ಪ್ರಶ್ನೆಯಲ್ಲಿ ಪ್ರೀತಿ ಎಷ್ಟಿದೆಯೋ ಜಾತಿಯೂ ಅಷ್ಟೇ ಇದೆ. ಅದಕ್ಕೆ ಉತ್ತರ ಹೇಳಿದ ಮೇಲೆ ಮಜ್ಜಿಗೆ ಸಿಗದೆ ಹೋದವರೂ ನಮ್ಮ ನಡುವೆ ಇದ್ದಾರೆ. ಅಂಥ ಹುಡುಗನೊಬ್ಬ ಹುಲಿ ಚಿತ್ರದ ಹಿಂದೆ ನಿಂತು ‘ಇದು ಯಾವ ಹಕ್ಕಿ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಹೆಸರಿಲ್ಲದ ಕಟ್ಟೆ ಅವನಿಗೆ ಒಳ್ಳೆಯ ಕಟ್ಟೆ.

ಬೆಳಗಿನ ಜಾವ ಒಬ್ಬಳೇ ಕೆರೆಗೆ ಹೋಗಿ ಹಕ್ಕಿ ಎಣಿಸುವ ಹುಡುಗಿಯ ಪಟ್ಟಿಯಲ್ಲಿ ದಿನ, ಗಂಟೆ, ಜಾಗ ಎಲ್ಲ ಇರುತ್ತದೆ. ಹೆಸರೂ ಇದ್ದರೆ ಅವಳು ನಾಳೆ ಎಲ್ಲಿ ಸಿಗುತ್ತಾಳೆ ಎಂದು ಯಾರು ಬೇಕಾದರೂ ಓದಿಕೊಳ್ಳಬಹುದು. ಇಬರ್ಡ್‌ನಲ್ಲಿ ಅನಾಮಿಕರಾಗಿ ಉಳಿಯುವ ಅವಕಾಶ ಇರುವುದು ಇಂಥವರಿಗೆ ಆಸರೆ. ಉರುಳು ಹಾಕಿದವರ ಬಗ್ಗೆ ಅರಣ್ಯ ಇಲಾಖೆಗೆ ತಿಳಿಸಿದವರ ಹೆಸರೂ ಅಷ್ಟೇ, ಗುಟ್ಟಾಗಿರಬೇಕು. ನಾಳೆ ಅವರು ಅದೇ ಊರಲ್ಲಿ ಬದುಕಬೇಕು.

ಹಾಗಾಗಿ ಅಳತೆಗೋಲು ಒಂದೇ. ಹೇಳಿದರೆ ಪೆಟ್ಟು ಬೀಳುವುದು ಯಾರಿಗೆ? ಬಲವಿಲ್ಲದವರಿಗಾದರೆ ಮುಚ್ಚಿಡಿ, ಅದು ಹುಡುಗಿಯಾಗಲಿ, ಗೂಬೆಯಾಗಲಿ. ಕೊಂಬೆ ಕಡಿಯುವುದಕ್ಕೆ, ಹೊಸಬರ ತಪ್ಪಿಗೆ ನಗುವುದಕ್ಕೆ ಹುಲಿ ಚಿತ್ರದ ಹಿಂದೆ ಅಡಗಿದರೆ ಅದು ಕಳ್ಳತನ.

ಹೊಸಬರಾಗಿ ಹೋಗುವಾಗ

ನಾವು ಮಾಡಿದ್ದು ಪೂರ್ತಿ ತಲೆಕೆಳಗು. ಮುಚ್ಚಬೇಕಾದ ವಿಳಾಸ ಹೇಳಿದೆವು. ಹೇಳಬೇಕಾದ ಅಜ್ಜನ ಹೆಸರನ್ನು ಕೇಳಲೇ ಇಲ್ಲ. ಹ್ಯೂಮ್ ಕಾಲದ ದೊರೆಗಳಿಗೂ ನಮಗೂ ಏನು ವ್ಯತ್ಯಾಸ?

ಅದಕ್ಕೇ ಈಗ ನಮಗೆ ನಾವೇ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಗುಂಪಿಗೆ ಸೇರಿದರೆ ಒಂದಷ್ಟು ದಿನ ಸುಮ್ಮನೆ ಓದುತ್ತೇವೆ. ಗೂಡಿನ ಫೋಟೊ ಹಾಕುವುದಿಲ್ಲ. ಬೇರೆ ಫೋಟೊ ಹಾಕಿದರೆ ತಾಲ್ಲೂಕಿನ ಹೆಸರಷ್ಟೇ ಹೇಳುತ್ತೇವೆ, ಅದೂ ಮರಿ ಹಾರಿದ ಮೇಲೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊದೊಳಗೇ ಜಾಗ ಅಡಗಿ ಕೂತಿರುತ್ತದೆ, ಅದನ್ನು ಮೊದಲು ಆಫ್ ಮಾಡುತ್ತೇವೆ. ಯಾರಾದರೂ ‘ಲೊಕೇಶನ್ ಕಳಿಸಿ’ ಎಂದರೆ ‘ತಾವು ಯಾವೂರಾಯ್ತು?’ ಎಂದು ಕೇಳುತ್ತೇವೆ. ಎರಡನೇ ಪ್ರಶ್ನೆ ಕೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅಜ್ಜನನ್ನು ಮತ್ತೆ ನೋಡಲು ಹೋಗಿದ್ದೆವು. ಮೊದಲ ಸಲ ಹೆಸರು ಕೇಳಿದೆವು. ಹೇಳಿದರು. ಇದರಲ್ಲಿ ಬರೆಯಬಹುದಾ ಎಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿ, ‘ಬ್ಯಾಡ ಬುಡ್ರಪ್ಪ, ನನ್ನ ಹೆಸರು ಹಾಕಿದ್ರೆ ಬೆಟ್ಟ ಯಾವ್ದು ಅಂತ ತಿಳಿದುಬಿಡ್ತದೆ’ ಎಂದರು. ನಾವು ಇಷ್ಟು ಓದಿ ತಿಳಿದದ್ದು ಅವರಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಇಲ್ಲಿ ಅವರ ಹೆಸರಿಲ್ಲ.