ಸಕ್ಕರೆಯ ಹೊದಿಕೆ

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬದ ಕೇಕಿಗೆ ಹೊದಿಸಲೆಂದು ಮನೆಯಲ್ಲೇ ಫಾಂಡೆಂಟ್ ಮಾಡಲು ಕುಳಿತೆ. ನೆನೆಸಿದ ಜೆಲಾಟಿನನ್ನು ಬಿಸಿನೀರಿನ ಮೇಲಿಟ್ಟು ಕರಗಿಸಿ, ಗ್ಲೂಕೋಸ್ ಪಾಕವನ್ನೂ ಗ್ಲಿಸರಿನನ್ನೂ ಬೆರೆಸಿ, ಜರಡಿ ಹಿಡಿದ ಸಕ್ಕರೆ ಪುಡಿಗೆ ಸುರಿದು ಹೋಳಿಗೆಯ ಕಣಕದಂತೆ ನಾದಿದೆ. ಲಟ್ಟಿಸಿದ ಹಾಳೆಯನ್ನು ಹೊದಿಸುವಾಗ ಒಂದು ಅಂಚು ಹರಿಯಿತು. ತೇಪೆ ಹಾಕುತ್ತಿದ್ದಂತೆ, ಈ ಬಿಳಿ ಹೊದಿಕೆಗಾಗಿ ಒಂದು ದೇಶವೇ ಹಂಬಲಿಸಿದ ಕಾಲ ನೆನಪಿಗೆ ಬಂತು.

ಸಕ್ಕರೆಗೆ ಅಂಟು ಬೆರೆಸಿ ನಾದುವ ವಿದ್ಯೆ ಹಳೆಯದು. 17ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹ್ಯೂ ಪ್ಲಾಟ್ ಹೆಂಗಸರಿಗಾಗಿ ಬರೆದ ಪುಸ್ತಕದಲ್ಲಿಯೇ ಅದರ ವಿಧಾನವಿದೆ. ಆಗ ಸಕ್ಕರೆ ಸಿರಿವಂತರ ಸೊತ್ತು. 1874ರಲ್ಲಿ ಬ್ರಿಟನ್ ಸಕ್ಕರೆಯ ಸುಂಕವನ್ನು ತೆಗೆದುಹಾಕಿತು. ಕೇಕಿನ ಬಿಳುಪು ಸಾಮಾನ್ಯರ ಮದುವೆಗೂ ಇಳಿದು ಬಂತು.

ಎರಡನೆಯ ಮಹಾಯುದ್ಧ ಅದನ್ನು ಕಿತ್ತುಕೊಂಡಿತು. 1940ರ ಜನವರಿಯಲ್ಲಿ ಅಲ್ಲಿ ಸಕ್ಕರೆಗೆ ಪಡಿತರ ಬಂತು. ಆಗಸ್ಟಿನಲ್ಲಿ ಕೇಕಿನ ಮೇಲೆ ಸಕ್ಕರೆ ಹಚ್ಚುವುದಕ್ಕೇ ನಿಷೇಧ. ಆದರೂ ಮದುವೆಗಳು ನಿಲ್ಲಲಿಲ್ಲ. ಪುಟ್ಟ ಕೇಕಿನ ಮೇಲೆ ಬಿಳಿ ರಟ್ಟಿನ ಗೋಪುರ ಕವುಚಿ ಫೋಟೋ ತೆಗೆಸಿಕೊಂಡರು. ಕತ್ತರಿಸುವ ಹೊತ್ತಿಗೆ ಗೋಪುರವನ್ನು ಎತ್ತಿಟ್ಟರು. ಅದು ಬಾಡಿಗೆಗೂ ಸಿಗುತ್ತಿತ್ತು. ಸಕ್ಕರೆಯ ಪಡಿತರ ಮುಗಿದದ್ದು 1953ರಲ್ಲಿ.

ಅದನ್ನು ಬೂಟಾಟಿಕೆ ಎನ್ನಲು ನನಗೆ ಮನಸ್ಸು ಬಾರದು. ಬಾಂಬು ಬೀಳುವ ಊರಿನಲ್ಲಿ ಒಂದು ದಿನವನ್ನಾದರೂ ಹಬ್ಬವಾಗಿ ಉಳಿಸಿಕೊಳ್ಳಲು ಅವರಿಗೆ ರಟ್ಟೇ ಆಸರೆಯಾಯಿತು.

ನನ್ನ ತೇಪೆಯ ಮೇಲೆ ಒಂದು ಸಕ್ಕರೆ ಹೂವನ್ನಿಟ್ಟೆ. ಮೊಮ್ಮಗಳು ಮೊದಲು ಕಿತ್ತು ತಿಂದದ್ದು ಅದನ್ನೇ!