ಬೆಳಕು ಕೊಟ್ಟವರ ಕಾಡಿನ ಬದುಕು

ಶಿವಮೊಗ್ಗದಿಂದ ಭದ್ರಾವತಿಗೆ ಸಾಗುವಾಗ ಮಾಚೇನಹಳ್ಳಿಯ ಕಾರ್ಖಾನೆಗಳನ್ನು ನೀವು ಕಂಡಿರುತ್ತೀರಿ. ನಾಡಿನ ಇಂಥ ಯಂತ್ರಗಳಿಗೆ ದಶಕಗಳ ಕಾಲ ಶಕ್ತಿಯಿತ್ತ ವಿದ್ಯುತ್ತಿನ ಹಿಂದೆ ಶರಾವತಿ ಕಣಿವೆಯ ಕುಟುಂಬಗಳ ತ್ಯಾಗವಿದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಅಡಿಕೆ ತೋಟವನ್ನೂ ಗದ್ದೆಯನ್ನೂ ತೊರೆದವರಲ್ಲಿ ಹಲವರಿಗೆ ದೊರೆತದ್ದು ಶಿವಮೊಗ್ಗ ಜಿಲ್ಲೆಯ ಕಾಡು. ಎಳೆಯ ಮಕ್ಕಳನ್ನು ಕಟ್ಟಿಕೊಂಡು ಬಂದ ಅವರು ಮರಗಿಡ ಸವರಿ, ಗುಡಿಸಲು ಹಾಕಿ, ಮೊದಲಿನಿಂದ ಬೇಸಾಯ ಆರಂಭಿಸಿದರು.

ಆದರೆ ಉತ್ತ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1974ರಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯ ಘೋಷಣೆಯಾದಾಗ ಇಂಥ ಕೆಲವು ಊರುಗಳು ಅದರೊಳಗೆ ಸೇರಿದವು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯು ಅರಣ್ಯಭೂಮಿಯ ಅನ್ಯ ಬಳಕೆಗೆ ಕೇಂದ್ರದ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಆ ಒಪ್ಪಿಗೆ ಪಡೆಯದೆ ರಾಜ್ಯ ಸರಕಾರವು ಸಂತ್ರಸ್ತರಿಗಾಗಿ ಹೊರಡಿಸಿದ್ದ ಆದೇಶಗಳನ್ನು ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು.

ಕಾಡೂ ಉಳಿಯಬೇಕು, ನಿಜ. ಆದರೆ ಸರಕಾರವೇ ಕರೆತಂದು ಕಾಡಿನಲ್ಲಿ ನೆಲೆಗೊಳಿಸಿದವರನ್ನು ಒತ್ತುವರಿದಾರರೆನ್ನುವುದು ನ್ಯಾಯವೇ? ಮನೆಯಲ್ಲಿ ದೀಪ ಹಚ್ಚುವಾಗ, ಹಕ್ಕುಪತ್ರಕ್ಕಾಗಿ ಮೂರು ತಲೆಮಾರು ಕಾದ ಆ ಕುಟುಂಬಗಳನ್ನು ನಮ್ಮ ಮಕ್ಕಳಿಗೆ ಪರಿಚಯಿಸೋಣ. ಸಾಲ ತೀರಿಸುವ ಮೊದಲ ಹೆಜ್ಜೆ ಸಾಲವನ್ನು ನೆನೆಯುವುದೇ ಅಲ್ಲವೇ?