255 ಕೋಟಿ ವರ್ಷ: ಯಾವುದರ ವಯಸ್ಸು?

ಚೆನ್ನೈನ ಪರಂಗಿಮಲೆ, ಪಲ್ಲಾವರಂಗಳ ಚಾರ್ನೊಕೈಟ್ ಶಿಲೆ 255 ಕೋಟಿ ವರ್ಷಗಳ ಹಿಂದೆ ‘ಹುಟ್ಟಿತು’ ಎಂದು ಬರೆಯುವವರು ಮೂಲವನ್ನು ಪೂರ್ತಿ ಓದಿದಂತಿಲ್ಲ. 1987ರಲ್ಲಿ ಬರ್ನಾರ್ಡ್-ಗ್ರಿಫಿತ್ಸ್, ಜಾನ್ ಮತ್ತು ಸೇನ್ ಸಮೇರಿಯಂ-ನಿಯೋಡಿಮಿಯಂ ವಿಧಾನದಿಂದ ಕೊಟ್ಟ ಲೆಕ್ಕ 255.5 ಕೋಟಿ, ಹೆಚ್ಚುಕಡಿಮೆ 14 ಕೋಟಿ ವರ್ಷ. ತಮ್ಮದು ಆರಂಭಿಕ ಹೇಳಿಕೆ ಮಾತ್ರ ಎಂದು ಶೀರ್ಷಿಕೆಯಲ್ಲೇ ಅವರು ಒಪ್ಪಿಕೊಂಡಿದ್ದರು. ಉಲ್ಲೇಖಿಸಿದವರು ಆ ಸಂಕೋಚವನ್ನೂ 14 ಕೋಟಿಯನ್ನೂ ಒಟ್ಟಿಗೇ ಕೈಬಿಟ್ಟರು.

ಇಷ್ಟು ಅಗಲದ ಅಂತರ ಏಕೆ? ನಿಯೋಡಿಮಿಯಂ ಆಗಿ ಕ್ಷಯಿಸುವ ಸಮೇರಿಯಂ-147ರ ಅರ್ಧಾಯುಷ್ಯ ಸುಮಾರು 10,600 ಕೋಟಿ ವರ್ಷ, ಎಂದರೆ ಬದಲಾವಣೆ ತೀರ ನಿಧಾನ. ಹಲವು ತುಣುಕುಗಳನ್ನು ಅಳೆದು, ನಕ್ಷೆಯಲ್ಲಿ ಬಿಂದುಗಳನ್ನಿಟ್ಟು ಅವುಗಳ ಮೂಲಕ ರೇಖೆ ಎಳೆದರೆ ಅದರ ಇಳಿಜಾರು ವಯಸ್ಸನ್ನು ಹೇಳುತ್ತದೆ. ಆದರೆ ಒಂದೇ ಬಗೆಯ ಶಿಲೆಗಳಲ್ಲಿ ಈ ಎರಡು ಧಾತುಗಳ ಅನುಪಾತ ಹೆಚ್ಚು ಬದಲಾಗುವುದಿಲ್ಲ. ಬಿಂದುಗಳು ಒತ್ತೊತ್ತಾಗಿ ಬೀಳುತ್ತವೆ, ರೇಖೆ ಅತ್ತಿತ್ತ ವಾಲಲು ಎಡೆಯಾಗುತ್ತದೆ. ಕಾಯಿಸಿದರೂ ಈ ಗಡಿಯಾರ ಸುಲಭಕ್ಕೆ ಕೆಡದು, ಆದ್ದರಿಂದ ಸಿಕ್ಕಿದ್ದು ಹುಟ್ಟಿನ ವಯಸ್ಸೇ ಎಂಬ ವಾದವುಂಟು. ಗಡಿಯಾರ ಕೆಡದಿರಬಹುದು. ಆದರೆ 241.5ರಿಂದ 269.5 ಕೋಟಿಯವರೆಗಿನ ಅವಧಿಯೊಳಗೆ ಶಿಲಾಪಾಕ ಗಟ್ಟಿಯಾದದ್ದೂ ಮುಂದೆ ಅದು ಆಳದಲ್ಲಿ ಬೆಂದು ರೂಪಾಂತರಗೊಂಡದ್ದೂ ಎರಡೂ ಹಿಡಿಸುತ್ತವೆ.

ಕಲ್ಕತ್ತೆಯ ಜಾಬ್ ಚಾರ್ನಕನ ಗೋರಿಕಲ್ಲಿನಿಂದ ಈ ಶಿಲೆಗೆ 1893ರಲ್ಲಿ ಹೆಸರಿಟ್ಟ ಭೂವಿಜ್ಞಾನಿ ಹಾಲೆಂಡ್, ಇದು ಅಗ್ನಿಶಿಲೆ ಎಂದ. ವಿಕಿರಣದ ಗಡಿಯಾರ ಅವನ ಕಾಲದಲ್ಲಿರಲಿಲ್ಲ. ಅವನನ್ನು ಬೈಯುವುದು ಅನ್ಯಾಯ. ಭೂವಿಜ್ಞಾನಿ ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪುಟ್ಟ ಟಿಪ್ಪಣಿಯನ್ನು ಓದದೆ ಇಂದಿಗೂ ಹಾಲೆಂಡನನ್ನೇ ಒಪ್ಪಿಸುವವರಿಗೆ ಆ ವಿನಾಯಿತಿ ಇಲ್ಲ.

ಕನಕಪುರದ ಕಡೆಯ ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ ಪಿಚ್ಚಮುತ್ತು ತೋರಿಸಿದ್ದನ್ನು ಬರಿಗಣ್ಣಲ್ಲೇ ಕಾಣಬಹುದು. ಬೂದುಬಣ್ಣದ ನೈಸ್ ಶಿಲೆಯ ಪಟ್ಟೆಗಳು ಸಾಗುತ್ತ ಸಾಗುತ್ತ ಹಸಿರುಗಪ್ಪು ಮಚ್ಚೆಯೊಂದನ್ನು ಹೊಕ್ಕು ಮಸುಕಾಗುತ್ತವೆ. ಮಚ್ಚೆಯೊಳಗೆ ಜಿಡ್ಡುಹೊಳಪಿನ ಚಾರ್ನೊಕೈಟ್. ಅದು ಹೊರಗಿನಿಂದ ನುಗ್ಗಿ ಬಂದದ್ದಲ್ಲ, ನೈಸೇ ಅಲ್ಲಿ ಮಾರ್ಪಟ್ಟಿದೆ. ನೈಸಿನ ಮೂಲಶಿಲೆಗೆ ಜಿರ್ಕಾನ್ ಹರಳುಗಳ ಯುರೇನಿಯಂ-ಸೀಸದ ಲೆಕ್ಕ ಕೊಡುವ ವಯಸ್ಸು ಸುಮಾರು 300 ಕೋಟಿ ವರ್ಷ. ಮಚ್ಚೆ ಮೂಡಿದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಒಂದೇ ಬಂಡೆ, ನಡುವೆ 50 ಕೋಟಿ ವರ್ಷ!

ಕಬ್ಬಾಳದ ತೀರ್ಪನ್ನು ಪಲ್ಲಾವರಕ್ಕೆ ಹಾಗೆಹಾಗೇ ಹೊರಿಸುವಂತಿಲ್ಲ, ನಿಜ. ಅಲ್ಲಿ ಮಚ್ಚೆಗಳು, ಇಲ್ಲಿ ಗುಡ್ಡಕ್ಕೆ ಗುಡ್ಡವೇ ಚಾರ್ನೊಕೈಟ್. ಹುಟ್ಟಿಗೂ ಬೇಯುವುದಕ್ಕೂ ನಡುವೆ ಇಲ್ಲಿ ಅಷ್ಟು ಕಾಲ ಸರಿದಿರಲಿಕ್ಕಿಲ್ಲ. ಸರಿಯಿತೋ ಇಲ್ಲವೋ ಎಂಬುದನ್ನು ಜಿರ್ಕಾನಿನ ತಿರುಳನ್ನೂ ಅದರ ಸುತ್ತ ಆಮೇಲೆ ಬೆಳೆದ ಅಂಚನ್ನೂ ಬೇರೆಬೇರೆಯಾಗಿ ಅಳೆದೇ ಹೇಳಬೇಕು. ‘ಹುಟ್ಟಿತು’ ಎಂದು ಬರೆಯುವವರು ತಿರುಳಿನ ವಯಸ್ಸನ್ನು ಮುಂದಿಡಲಿ. ಅಲ್ಲಿಯವರೆಗೆ 255ರ ಪಕ್ಕದಲ್ಲಿ ಆ 14 ಕೋಟಿಯೂ ಅಚ್ಚಾಗಬೇಕು.